ಅಸರ್ ಆದ ಮೇಲೆ ಅಂದರೆ ಎಷ್ಟೊತ್ತಿಗೆ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ‘ಮಕ್ಕಳ ದೀನಿ ಕ್ಲಾಸ್’ ಅಂತ ಒಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ 43 ಜನ ಇದ್ದೇವೆ. ಕಲಿಯಬೇಕಾದ ಮಕ್ಕಳು ಹನ್ನೊಂದು. ಗ್ರೂಪ್ ಶುರುವಾಗಿ ಏಳು ವಾರ ಕಳೆದಿತ್ತು, ಕ್ಲಾಸ್ ಮಾತ್ರ ಶುರುವಾಗಿರಲಿಲ್ಲ. ಪ್ರತಿ ಶುಕ್ರವಾರ ಯಾರೋ ಒಬ್ಬರು ಗುಲಾಬಿ ಹೂವಿನ ಚಿತ್ರದ ಮೇಲೆ ‘ಜುಮಾ ಮುಬಾರಕ್’ ಹಾಕುತ್ತಿದ್ದರು. ಅದಕ್ಕೆ ಉಳಿದ 42 ಜನ ಉತ್ತರ ಕೊಡುತ್ತಿದ್ದರು. ಆ ಗದ್ದಲದಲ್ಲಿ ಸಮಯದ ಪ್ರಶ್ನೆ ಮೇಲೆ ಹೋಗಿ ಮರೆಯಾಗುತ್ತಿತ್ತು.

ನಾವು ಹುಡುಕುತ್ತಿದ್ದದ್ದು ದೊಡ್ಡದೇನಲ್ಲ ಮಾರಾಯ್ರೆ, ವಾರಕ್ಕೆ ಒಂದು ಗಂಟೆ. ವಾರದಲ್ಲಿ 168 ಗಂಟೆ ಇದೆ. ಅದರಲ್ಲಿ ಒಂದನ್ನು ಈಚೆಗೆ ಎಳೆದು ಮಕ್ಕಳಿಗೆ ಅಲಿಫ್, ಬಾ, ತಾ ಹೇಳಿಕೊಟ್ಟು, ವುಝೂ ಮಾಡುವಾಗ ಮೊಣಕೈಗೂ ನೀರು ತಾಗಬೇಕು ಅಂತ ತಿಳಿಸಿದರೆ ಆಯಿತು. ಆದರೆ ಹನ್ನೊಂದು ಮಕ್ಕಳೂ ಖಾಲಿ ಇರುವ ಒಂದು ಗಂಟೆ ಬೆಂಗಳೂರಿನಲ್ಲಿ ಸಿಗುವುದು, ರಮಝಾನ್ ಇಪ್ಪತ್ತೊಂಬತ್ತರ ಸಂಜೆ ಮೋಡದ ಎಡೆಯಲ್ಲಿ ಚಂದ್ರ ಸಿಕ್ಕಿದ ಹಾಗೆ. ಒಬ್ಬನಿಗೆ ಅಬಾಕಸ್, ಒಬ್ಬಳಿಗೆ ಕರಾಟೆ, ಒಬ್ಬನಿಗೆ ಈಜು. ಇನ್ನೊಬ್ಬ ಆರು ವರ್ಷದ ಹುಡುಗನಿಗೆ ಕೋಡಿಂಗ್. ಅವನಿಗೆ ಇನ್ನೂ ಷೂ ಲೇಸ್ ಕಟ್ಟಲು ಬರುವುದಿಲ್ಲ.

ನಾನು ಬಂಟ್ವಾಳದ ಕಡೆಯ ಬ್ಯಾರಿ. ನಮಗೆ ಸಣ್ಣವರಿರುವಾಗ ಈ ಸಮಸ್ಯೆಯೇ ಇರಲಿಲ್ಲ, ಯಾಕೆಂದರೆ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಬೆಳಗ್ಗೆ ಆರೂವರೆಗೆ ಮದ್ರಸ, ಅಷ್ಟೇ. ಜೂನ್ ತಿಂಗಳ ಮಳೆಯಲ್ಲಿ ಕಿತಾಬನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಕೊಡೆಯನ್ನು ಕಿತಾಬಿಗೆ ಹಿಡಿದು ನಾವು ನೆನೆಯುತ್ತ ಹೋಗುತ್ತಿದ್ದೆವು. ಎಂಟೂವರೆಗೆ ಬಿಟ್ಟರೆ ಓಡಿಬಂದು ಎರಡು ಪುಂಡಿ ನುಂಗಿ ಶಾಲೆಗೆ. ಮನೆಯಲ್ಲಿ ಬ್ಯಾರಿ, ದಾರಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮದ್ರಸದ ಪುಸ್ತಕವೋ ಅರಬಿ ಮಲಯಾಳ, ಅಂದರೆ ಮಲಯಾಳವನ್ನೇ ಅರಬಿ ಅಕ್ಷರದಲ್ಲಿ ಬರೆದದ್ದು. ಈಗಿನವರು ಮಗುವಿಗೆ ಎರಡನೇ ಭಾಷೆ ಯಾವಾಗ ಶುರುಮಾಡಬೇಕು ಅಂತ ತಜ್ಞರನ್ನು ಕೇಳುತ್ತಾರೆ. ನಮ್ಮ ಉಮ್ಮ ತಜ್ಞರನ್ನು ಕೇಳಲಿಲ್ಲ, ಬೆನ್ನಿಗೆ ಒಂದು ಕೊಟ್ಟು ಎಬ್ಬಿಸಿದರು.

ಆಗಿನ ಒಂದು ಅನ್ಯಾಯವನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ. ಮದ್ರಸಕ್ಕೆ ಶುಕ್ರವಾರ ರಜೆ, ಶಾಲೆಗೆ ಆದಿತ್ಯವಾರ ರಜೆ. ಶುಕ್ರವಾರ ಮದ್ರಸ ಇಲ್ಲ ಅಂತ ಮಲಗುವ ಹಾಗಿಲ್ಲ, ಶಾಲೆ ಉಂಟು. ಆದಿತ್ಯವಾರ ಶಾಲೆ ಇಲ್ಲ ಅಂತ ಹೊದ್ದುಕೊಳ್ಳುವ ಹಾಗಿಲ್ಲ, ಮದ್ರಸ ಉಂಟು. ಎರಡು ಧರ್ಮದ ಎರಡು ರಜೆ ಸೇರಿಕೊಂಡು ನಮಗೆ ಒಂದು ರಜೆಯನ್ನೂ ಉಳಿಸಲಿಲ್ಲ. ಪೆರ್ನಾಲ್ ದಿನ ಬಿಟ್ಟರೆ ಸೂರ್ಯ ಏರಿದ ಮೇಲೆ ಎದ್ದ ನೆನಪೇ ನನಗಿಲ್ಲ.

ಶಿಸ್ತೂ ಹಾಗೇ ಇತ್ತು. ಕೇರಳದ ಉಲಮಾಗಳ ಸಂಘಟನೆ ಸಮಸ್ತದ ಮದ್ರಸ ಶಿಕ್ಷಣ ಮಂಡಳಿ ಹುಟ್ಟಿದ್ದು 1951ರಲ್ಲಿ. ಅದರ ಪಠ್ಯ, ಅದರ ಹಾಜರಿ ಪುಸ್ತಕ, ಅದರ ಪಬ್ಲಿಕ್ ಪರೀಕ್ಷೆ ಎಲ್ಲ ಗಡಿ ದಾಟಿ ನಮ್ಮೂರಿಗೂ ಬಂದಿತ್ತು. ಮೊನ್ನೆ ಮೊನ್ನೆ ನಮ್ಮ ರಾಜ್ಯದಲ್ಲಿ ಐದನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂದಾಗ ಎಷ್ಟು ಗಲಾಟೆ ಆಯಿತು! ಹೈಕೋರ್ಟ್, ಸುಪ್ರೀಂ ಕೋರ್ಟ್ ಎಲ್ಲ ಆಯಿತು. ನಾವು ಮದ್ರಸದ ಐದನೇ ತರಗತಿಯಲ್ಲೇ ಪಬ್ಲಿಕ್ ಪರೀಕ್ಷೆ ಬರೆದವರು. ಯಾರೂ ಕೋರ್ಟಿಗೆ ಹೋಗಲಿಲ್ಲ. ನಾನು ಒಮ್ಮೆ ಹೊಟ್ಟೆನೋವು ಅಂದು ನೋಡಿದೆ. ಉಮ್ಮ ಓಮದ ನೀರು ಕುಡಿಸಿ ಕಳಿಸಿದರು.

ಆ ಆರೂವರೆಯ ಗಂಟೆಗೆ ಇವತ್ತಿಗೂ ಬೆಲೆ ಇದೆ. 2025ರಲ್ಲಿ ಕೇರಳ ಸರಕಾರ ಹೈಸ್ಕೂಲಿನ ಸಮಯವನ್ನು ಬೆಳಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಹಿಗ್ಗಿಸಿತು. ಮದ್ರಸಕ್ಕೆ ತೊಂದರೆ ಅಂತ ಸಮಸ್ತದವರು ಎದ್ದು ನಿಂತರು, ಮಂತ್ರಿಗಳ ಜತೆ ಮಾತುಕತೆ ನಡೆಯಿತು. ಒಂದು ರಾಜ್ಯದಲ್ಲಿ ಹದಿನೈದು ನಿಮಿಷಕ್ಕೆ ಇಷ್ಟು ಚರ್ಚೆ ಬೇಕಾದರೆ ನಮ್ಮ ಅಪಾರ್ಟ್‌ಮೆಂಟಿಗೆ ಅರವತ್ತು ನಿಮಿಷಕ್ಕೆ ಏಳು ವಾರ ಹಿಡಿದದ್ದು ಜಾಸ್ತಿಯೇನಲ್ಲ ಅಂತ ನಾನು ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ಸಭೆ ನಮ್ಮ ಮನೆಯಲ್ಲೇ ಆಯಿತು. ಹಾಸನದ ಭಾಯ್ ಬಂದರು, ಭಟ್ಕಳದ ಸಾಹೇಬರು ಬಂದರು, ಕಲಬುರಗಿಯ ಡಾಕ್ಟ್ರು ಬಂದರು, ಇನ್ನೂ ನಾಲ್ಕೈದು ಜನ. ಮೊದಲ ಅರ್ಧ ಗಂಟೆ ಕಲಿಸುವವರನ್ನು ಏನಂತ ಕರೆಯಬೇಕು ಎನ್ನುವುದರಲ್ಲಿ ಹೋಯಿತು. ನಾನು ಉಸ್ತಾದ್ ಅಂದೆ. ಹಾಸನದ ಭಾಯ್ ಹಜ್ರತ್ ಅಂದರು. ಡಾಕ್ಟ್ರು ಮೌಲಾನಾ ಅಂದರು. ನನ್ನ ಮಗಳು ಪರದೆ ಸರಿಸಿ ಇಣುಕಿ, “ಉಪ್ಪಾ, ಸರ್ ಅಂದ್ರೆ ಆಗಲ್ವಾ?” ಅಂದಳು.

ಆಮೇಲೆ ಭಾಯ್ ಸಮಸ್ಯೆಯನ್ನು ಒಂದೇ ಮಾತಿನಲ್ಲಿ ಬಗೆಹರಿಸಿದರು. “ಅದಕ್ಯಾಕೆ ಇಷ್ಟು ಮಾತು? ಸಂಡೇ, ಅಸರ್ ಆದ ಮೇಲೆ. ಮುಗೀತಲ್ಲ!” ಎಲ್ಲರೂ ತಲೆಯಾಡಿಸಿದೆವು. ಸಮೋಸಾ ತಿಂದೆವು. ಎದ್ದು ಹೋದೆವು.

ಆದಿತ್ಯವಾರ ನಾನು ಮತ್ತು ಭಟ್ಕಳದವರು ನಮ್ಮ ಮಕ್ಕಳನ್ನು ಸ್ನಾನ ಮಾಡಿಸಿ, ಟೋಪಿ ಹಾಕಿಸಿ, ನಾಲ್ಕು ಗಂಟೆಗೆ ಕೂರಿಸಿದೆವು. ಯಾರೂ ಇಲ್ಲ. ಅರ್ಧ ಗಂಟೆ ಕಾದೆವು. ಮಕ್ಕಳು ಟೋಪಿಯನ್ನು ಫ್ರಿಸ್‌ಬೀ ಮಾಡಿ ಆಡತೊಡಗಿದವು. ಐದಕ್ಕೆ ನಾವು ಎದ್ದು ಹೋದೆವು. ಐದೂ ಹತ್ತಕ್ಕೆ ಹಾಸನದ ಭಾಯ್ ತಮ್ಮ ಇಬ್ಬರನ್ನು ಕರೆದುಕೊಂಡು ಬಂದರಂತೆ. ಅವರಿಗೂ ಯಾರೂ ಸಿಗಲಿಲ್ಲ. ರಾತ್ರಿ ಗ್ರೂಪಿನಲ್ಲಿ ಅವರ ಸಂದೇಶ: “ಟೈಮ್ ಪಾಲಿಸದವರಿಗೆ ದೀನ್ ಏನು ಕಲಿಸೋದು?”

ತಪ್ಪು ಯಾರದೂ ಅಲ್ಲ, ನೆರಳಿನದು. ಭಟ್ಕಳದವರೂ ನಾವೂ ಶಾಫಿ ಪಂಥದವರು. ಮಟಮಟ ಮಧ್ಯಾಹ್ನ ಎಷ್ಟು ನೆರಳಿತ್ತೋ ಅದನ್ನು ಬಿಟ್ಟು, ಒಂದು ವಸ್ತುವಿನ ನೆರಳು ಅದರಷ್ಟೇ ಉದ್ದ ಆದಾಗ ನಮಗೆ ಅಸರ್ ನಮಾಝಿನ ಹೊತ್ತು ಆಯಿತು. ಹಾಸನ, ಕಲಬುರಗಿಯವರು ಹನಫಿಗಳು. ಅವರಿಗೆ ನೆರಳು ಎರಡು ಪಟ್ಟು ಆಗಬೇಕು. ಬೆಂಗಳೂರಿನ ಬಿಸಿಲಲ್ಲಿ ಈ ಒಂದು ಪಟ್ಟು ನೆರಳಿಗೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ನೂರಾರು ವರ್ಷಗಳಿಂದ ಎರಡೂ ಪಕ್ಷದ ಇಮಾಮರು ಒಬ್ಬರನ್ನೊಬ್ಬರು ಗೌರವಿಸಿಕೊಂಡೇ ಬಂದ ಭಿನ್ನಾಭಿಪ್ರಾಯ ಅದು. ನಮ್ಮ ಗ್ರೂಪಿನಲ್ಲಿ ಇಬ್ಬರು ಎಕ್ಸಿಟ್ ಆದರು. ಮಾರನೇ ದಿನ ಅಡ್ಮಿನ್ ಮತ್ತೆ ಸೇರಿಸಿದರು.

ಆಗ ಐದನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಎಂಟ್ರಿ ಕೊಟ್ಟ. ಇನ್ನೂ ಮದುವೆಯಾಗಿಲ್ಲ, ಮಕ್ಕಳ ಕ್ಲಾಸಿನ ಗ್ರೂಪಿಗೆ ಹೇಗೆ ಬಂದ ಅಂತ ಯಾರಿಗೂ ಗೊತ್ತಿಲ್ಲ. ಅವನು 52 ವಾರಗಳ ಎಕ್ಸೆಲ್ ಹಾಳೆ ತಯಾರಿಸಿ ಹಾಕಿದ. ಶಾಫಿ ಅಸರಿಗೆ ಹಸಿರು, ಹನಫಿ ಅಸರಿಗೆ ನೀಲಿ, ಮಗ್ರಿಬಿಗೆ ಕೇಸರಿ. “ಈ ಬಣ್ಣ ಯಾಕೆ?” ಅಂತ ಒಬ್ಬರು ಕೇಳಿದರು. ಅವನು ಅದನ್ನು ಬದನೆಕಾಯಿ ಬಣ್ಣ ಮಾಡಿದ. ಆ ಹಾಳೆ ನೋಡಿದಾಗಲೇ ನನಗೆ ಗೊತ್ತಾದದ್ದು, ಗಡಿಯಾರದ ಗಂಟೆ ಇಟ್ಟುಕೊಂಡು ನಮಾಝಿನ ಗಂಟೆಯ ಜತೆ ಹೊಂದಾಣಿಕೆ ಮಾಡುವುದು ಎಂಥ ಕಷ್ಟ ಅಂತ. ಬೆಂಗಳೂರಿನಲ್ಲಿ ನವೆಂಬರ್ ನಡುವಿಗೆ ಸೂರ್ಯ 5:50ಕ್ಕೇ ಮುಳುಗುತ್ತಾನೆ. ಜುಲೈ ಶುರುವಿಗೆ 6:50ರವರೆಗೂ ನಿಂತಿರುತ್ತಾನೆ. ಆರು ಗಂಟೆಗೆ ಕ್ಲಾಸ್ ಅಂತ ಗೋಡೆಗೆ ಬರೆದಿಟ್ಟರೆ ಜುಲೈಯಲ್ಲಿ ಪಾಠ, ನವೆಂಬರಿನಲ್ಲಿ ನಮಾಝು.

ಸೂರ್ಯನದು ಹೀಗಾದರೆ ಚಂದ್ರನದು ಕೇಳುವುದೇ ಬೇಡ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2024ರಲ್ಲಿ ಮಾರ್ಚ್ 12ಕ್ಕೆ ಶುರುವಾದದ್ದು 2025ರಲ್ಲಿ ಮಾರ್ಚ್ 2ಕ್ಕೇ ಬಂತು. ಅಂದರೆ ಶಾಲೆಯ ವಾರ್ಷಿಕ ಪರೀಕ್ಷೆಯ ತಲೆಯ ಮೇಲೆಯೇ. 2030ರಲ್ಲಂತೂ ಜನವರಿಯಲ್ಲಿ ಒಂದು ರಮಝಾನ್ ಬಂದು ಹೋಗಿ, ಡಿಸೆಂಬರ್ ಕೊನೆಗೆ ಇನ್ನೊಂದು ಶುರುವಾಗುತ್ತದೆ. ಸಾಫ್ಟ್‌ವೇರ್ ಹುಡುಗ ಅದನ್ನೂ ಎರಡನೇ ಶೀಟಿನಲ್ಲಿ ಹಾಕಿದ್ದ. 2030ರ ಹೊತ್ತಿಗೆ ನನ್ನ ಮಗಳಿಗೆ ಕಾಲೇಜು ಬಂದಿರುತ್ತದೆ, ಅಲಿಫ್ ಬಂದಿರುತ್ತದೋ ಇಲ್ಲವೋ ಅನ್ನುವ ಭಯ ನನಗೆ ಆಗಲೇ ಹಿಡಿದದ್ದು.

ಈದ್ ರಜೆಯ ಬಗ್ಗೆಯೂ ಜಗಳ ಉಂಟು. 2024ರಲ್ಲಿ ನಮ್ಮ ಕರಾವಳಿಯಲ್ಲಿ ಏಪ್ರಿಲ್ 10ಕ್ಕೆ ಪೆರ್ನಾಲ್, ಬೆಂಗಳೂರಿನಲ್ಲಿ 11ಕ್ಕೆ. ನಾನು ಊರಿನಲ್ಲಿ ಬಿರಿಯಾನಿ ಉಂಡು ಕೈ ತೊಳೆಯುವಾಗ ಹಾಸನದ ಭಾಯ್ ಉಪವಾಸ. ಆ ಬಿರಿಯಾನಿಯ ಫೋಟೋ ಅವತ್ತು ಅವರಿಗೆ ಕಳಿಸಿದ್ದು ನನ್ನ ತಪ್ಪು, ಒಪ್ಪುತ್ತೇನೆ.

ಆದಿತ್ಯವಾರ ಕೈಬಿಟ್ಟ ಮೇಲೆ ಡಾಕ್ಟ್ರು, “ಶುಕ್ರವಾರ ರಾತ್ರಿ ಇಟ್ಟುಬಿಡಿ, ಬರ್ಕತ್ ಇರುವ ರಾತ್ರಿ” ಅಂದರು. ಒಳ್ಳೆಯ ಮಾತು. ನಮ್ಮ ಉಮ್ಮ ಆಗ ಊರಿಂದ ಬಂದು ನಮ್ಮಲ್ಲಿದ್ದರು. ಗುರುವಾರ ಮಗ್ರಿಬ್ ನಮಾಝ್ ಮುಗಿಸಿ ಮೊಮ್ಮಗಳನ್ನು ಹಿಡಿದು ಕೂರಿಸಿದರು. “ಕ್ಲಾಸಿಗೆ ಯಾರೂ ಬರಲಿಲ್ಲವಾ?” ಅಂತ ನನ್ನನ್ನೇ ಗದರಿದರು. “ಉಮ್ಮಾ, ಶುಕ್ರವಾರ ರಾತ್ರಿ ಅಲ್ವಾ?” ಅಂದೆ. “ಇವತ್ತೇ ಅಲ್ವನಾ ಶುಕ್ರವಾರ ರಾತ್ರಿ!” ಅಂದರು. ಸರಿಯೇ. ನಮ್ಮಲ್ಲಿ ಸೂರ್ಯ ಮುಳುಗಿದರೆ ಮುಂದಿನ ದಿನ ಶುರು. ಗುರುವಾರದ ಕತ್ತಲು ಶುಕ್ರವಾರದ ಲೆಕ್ಕಕ್ಕೆ. ಉರ್ದುವಿನವರು ಗುರುವಾರಕ್ಕೇ ಜುಮೇರಾತ್ ಅನ್ನುವುದಿಲ್ಲವೇ, ಜುಮಾದ ಹಿಂದಿನ ರಾತ್ರಿ ಅಂತ? ಡಾಕ್ಟ್ರು ಹೇಳಿದ ಬರ್ಕತ್ತೂ ಆ ರಾತ್ರಿಯದೇ. ಆದರೆ ಡಾಕ್ಟ್ರ ಕ್ಯಾಲೆಂಡರ್ ಔಷಧ ಕಂಪನಿ ಕೊಟ್ಟದ್ದು, ಅದರಲ್ಲಿ ರಾತ್ರಿ ಹನ್ನೆರಡಕ್ಕೆ ದಿನ ಬದಲಾಗುತ್ತದೆ.

ಹಾಗಾದರೆ ಮನೆಯಲ್ಲೇ ಕೂರಿಸಿ ಆನ್‌ಲೈನ್ ಮಾಡಿಸೋಣ ಅಂತ ಒಂದು ಬಣ ಹೊರಟಿತು. ಅದರ ರುಚಿ ನನಗೆ ಗೊತ್ತಿತ್ತು. ನನ್ನ ಭಾವ ದುಬೈಯಲ್ಲಿದ್ದಾರೆ, ಷಡ್ಡಕ ಸೌದಿಯ ಜುಬೈಲಿನಲ್ಲಿ. ಮಕ್ಕಳೆಲ್ಲ ಒಟ್ಟಿಗೆ ಕಲಿಯಲಿ ಅಂತ ಪುತ್ತೂರಿನ ಕಡೆಯ ಒಬ್ಬರು ಉಸ್ತಾದರನ್ನು ಝೂಮ್‌ನಲ್ಲಿ ಹಿಡಿದಿದ್ದೆವು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಜುಬೈಲ್ ಎರಡೂವರೆ ಗಂಟೆ ಹಿಂದೆ. ದುಬೈಯಲ್ಲಿ ವಾರದ ರಜೆ ಶುಕ್ರವಾರ, ಶನಿವಾರ ಅಂತ ಇದ್ದಾಗ ಶುಕ್ರವಾರ ಬೆಳಗ್ಗೆ ಹೇಗೋ ಮಾಡಿಕೊಂಡಿದ್ದರು. 2022ರ ಜನವರಿ 1ರಿಂದ ಯುಎಇ ಸರಕಾರ ರಜೆಯನ್ನು ಶನಿವಾರ, ಭಾನುವಾರಕ್ಕೆ ಸರಿಸಿ ಶುಕ್ರವಾರ ಅರ್ಧ ದಿನ ಕೆಲಸ ಅಂದಿತು. ಸೌದಿಯಲ್ಲಿ 2013ರ ವರೆಗೆ ಗುರುವಾರ, ಶುಕ್ರವಾರ ಇದ್ದದ್ದು ಆಮೇಲೆ ಶುಕ್ರವಾರ, ಶನಿವಾರ ಆಯಿತು. ಮುಸ್ಲಿಂ ದೇಶಗಳ ಸರಕಾರಗಳಿಗೇ ರಜೆ ಯಾವತ್ತು ಅಂತ ಒಂದು ತೀರ್ಮಾನಕ್ಕೆ ಬರಲು ಆಗದಿರುವಾಗ ನಮ್ಮ ‘ಸಿ’ ಬ್ಲಾಕಿನವರಿಗೆ ಬೈದು ಏನು ಪ್ರಯೋಜನ?

ಆ ಝೂಮ್ ಕ್ಲಾಸ್ ಹೇಗಿತ್ತು ಅಂದರೆ, ಜುಬೈಲಿನವನು ನಿದ್ದೆಗಣ್ಣಲ್ಲಿ, ದುಬೈಯವಳು ತಿಂಡಿಯಲ್ಲಿ, ನನ್ನ ಮಗಳು ಮ್ಯೂಟಿನಲ್ಲಿ. ಉಸ್ತಾದರು, “ಗಂಟಲಿನಿಂದ ಹೇಳು, ಅಯ್ನ್” ಅನ್ನುತ್ತಿದ್ದರು. ನೆಟ್‌ವರ್ಕ್ ಅದನ್ನು ಮೂಗಿನಿಂದ ತಲುಪಿಸುತ್ತಿತ್ತು. ಅರಬಿಯಲ್ಲಿ ‘ಸ’ದ ಹತ್ತಿರದ ಅಕ್ಷರಗಳೇ ಮೂರು, ಸೀನ್, ಸ್ವಾದ್, ಸಾ. ನಾಲಗೆ ಎಲ್ಲಿ ತಾಗುತ್ತದೆ ಅಂತ ಎದುರು ಕೂತು ಬಾಯಿ ನೋಡಿ ಕಲಿಯುವ ವಿದ್ಯೆ ಅದು. ಫೋನಿನಲ್ಲಿ ಮೂರೂ ಒಂದೇ ‘ಸ’.

ಆನ್‌ಲೈನ್ ಬೇಡ ಅಂತಾಯಿತು. ಗ್ರೂಪಿನಲ್ಲಿ ಪೋಲ್ ಹಾಕಿದರು, ಆರು ಆಯ್ಕೆ. ಫಲಿತಾಂಶ: ‘ಯಾವುದಾದರೂ ಓಕೆ’ ಅನ್ನುವುದಕ್ಕೆ ಹೆಚ್ಚು ಮತ. ಉಳಿದ ಐದಕ್ಕೂ ಯಾರಾದರೂ ಒಬ್ಬರ ಆಕ್ಷೇಪ. ಕುರ್‌ಆನ್ ಇಳಿದಾಗ ಬಂದ ಮೊದಲ ಮಾತೇ ‘ಓದು’. ಬೊಳುವಾರು ಮಹಮದ್ ಕುಂಞಿ ಅವರು ಪ್ರವಾದಿಯವರ ಕುರಿತು ಬರೆದ ಕಾದಂಬರಿಗೂ ‘ಓದಿರಿ’ ಅಂತಲೇ ಹೆಸರು. ಓದು ಅಂತ ಹೇಳಿತ್ತು ಸರಿ, ಎಷ್ಟು ಗಂಟೆಗೆ ಅಂತ ಹೇಳಿರಲಿಲ್ಲ. ಅದನ್ನು ನಮ್ಮ ಅಪಾರ್ಟ್‌ಮೆಂಟಿನವರ ವಿವೇಕಕ್ಕೆ ಬಿಟ್ಟುಬಿಟ್ಟಿತ್ತು.

ಈ ಹೊತ್ತಿಗೆ ಹೆಂಗಸರು ಒಂದು ಕೆಲಸ ಮಾಡಿದರು. ನನ್ನ ಹೆಂಡತಿ ಒಂದು ರಾತ್ರಿ ಕೇಳಿದಳು: “ಬುಖಾರಿಯಲ್ಲಿ ಒಂದು ಹದೀಸ್ ಉಂಟಲ್ಲ, ಗೊತ್ತುಂಟಾ? ಹೆಂಗಸರು ಹೋಗಿ ಪ್ರವಾದಿಯವರನ್ನು ಕೇಳಿದ್ದು. ನಿಮ್ಮ ಸಮಯವನ್ನೆಲ್ಲ ಗಂಡಸರೇ ತೆಗೆದುಕೊಳ್ಳುತ್ತಾರೆ, ನಮಗೂ ಒಂದು ದಿನ ಕೊಡಿ ಅಂತ. ಅವರು ಒಂದು ದಿನ ಗೊತ್ತು ಮಾಡಿ ಕೊಟ್ಟರಲ್ಲ, ಪೋಲ್ ಹಾಕಿದ್ದರಾ?” ನಾನು ದೀಪ ಆರಿಸಿದೆ. ಮುಂದಿನ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಹೆಂಗಸರ ಕ್ಲಾಸ್ ಶುರುವಾಯಿತು. ಪಕ್ಕದ ಬಡಾವಣೆಯಿಂದ ಒಬ್ಬರು ಆಪಾ ಬರುತ್ತಾರೆ. ಗ್ರೂಪ್ ಇಲ್ಲ, ಎಕ್ಸೆಲ್ ಇಲ್ಲ. ಮಕ್ಕಳ ಕ್ಲಾಸಿಗಾಗಿ ಗಂಡಸರು ಆರನೇ ಸಭೆ ಸೇರಿದಾಗ ತಾಯಂದಿರು ನೂರಾನಿ ಖಾಯಿದದ ನಾಲ್ಕನೇ ಪಾಠದಲ್ಲಿದ್ದರು. ಸಭೆಗೆ ಸಮೋಸಾ ಕೂಡ ಆವತ್ತಿನಿಂದ ನಿಂತಿತು.

ಏಳನೇ ವಾರ ನಾನೊಬ್ಬನೇ ನಡೆದುಕೊಂಡು ಮಸೀದಿಗೆ ಹೋದೆ. ಹತ್ತು ನಿಮಿಷದ ದಾರಿ. ಅಲ್ಲಿನ ಉಸ್ತಾದರು ಸುಳ್ಯದ ಕಡೆಯವರು, ಅವರೇ ನಮ್ಮ ಮಕ್ಕಳಿಗೆ ಕಲಿಸಬೇಕು ಅಂತ ಮೊದಲ ಸಭೆಯಲ್ಲೇ ತೀರ್ಮಾನವಾಗಿತ್ತು. ದಾರಿಯಲ್ಲಿ ಹೋಗುತ್ತಿರುವಾಗ ಥಟ್ಟನೆ ಹೊಳೆಯಿತು. ಗ್ರೂಪಿನಲ್ಲಿ 43 ಜನ ಇದ್ದೇವೆ, ಉಸ್ತಾದರು ಇಲ್ಲ. ಅವರನ್ನು ಯಾರೂ ಸೇರಿಸಿರಲಿಲ್ಲ. ಅಬಾಕಸ್ಸಿನ ಮೇಡಂಗೆ ಯಾವ ದಿನ ಬಿಡುವು, ಈಜಿನ ಕೋಚ್ ಯಾವ ಹೊತ್ತಿಗೆ ಸಿಗುತ್ತಾರೆ ಎಲ್ಲ ನಮಗೆ ಬಾಯಿಪಾಠ. ಕೋಚಿಗೆ ಮೂರು ತಿಂಗಳದ್ದು ಮುಂಗಡ ಕೊಟ್ಟು, ಅವರು ಹೇಳಿದ ಹೊತ್ತಿಗೆ ಕೊಳದ ಬದಿಯಲ್ಲಿ ಟವೆಲ್ ಹಿಡಿದು ನಿಲ್ಲುತ್ತೇವೆ. ಉಸ್ತಾದರ ಹದಿಯಾ ಎಷ್ಟು ಅನ್ನುವ ವಿಷಯ ಐದನೇ ಸಭೆಯಿಂದ ಆರನೇ ಸಭೆಗೆ ಮುಂದೂಡಲಾಗಿತ್ತು.

ಅವರ ದಿನಚರಿ ಕೇಳಿದೆ. ಸುಬಹಿಗೆ ಮೊದಲು ಏಳಬೇಕು, ಐದು ಹೊತ್ತಿನ ಇಮಾಮತ್ತು. ದಿನಾ ಸಂಜೆ ಬಡಾವಣೆಯ ಮಕ್ಕಳಿಗೆ ಮಗ್ರಿಬಿನವರೆಗೆ ಪಾಠ. ಶುಕ್ರವಾರ ಖುತ್ಬಾ. ಆದಿತ್ಯವಾರ ನಿಖಾಹುಗಳು, ಇಲ್ಲದಿದ್ದರೆ ಯಾರದಾದರೂ ಹೊಸ ಮನೆಯ ದುವಾ. ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಊರಿಗೆ. ಅವರಿಗೂ ಮೂರು ಮಕ್ಕಳು. ನಮ್ಮ ಮಕ್ಕಳಿಗೆ ಯಾವ ಹೊತ್ತು ಹಿತ ಅಂತ ನಾವು ಏಳು ವಾರ ತಲೆ ಕೆಡಿಸಿಕೊಂಡಿದ್ದಾಗ ಅವರು ತಮ್ಮ ಮಕ್ಕಳನ್ನು ಎರಡು ಸಲ ನೋಡಿ ಬಂದಿದ್ದರು.

“ಉಸ್ತಾದರೇ, ನಿಮಗೆ ಯಾವಾಗ ಆಗುತ್ತದೆ?” ಅಂತ ಕೇಳಿದೆ.

“ಶನಿವಾರ ಮಗ್ರಿಬಿನಿಂದ ಇಶಾವರೆಗೆ. ಮಸೀದಿಯ ಮಾಳಿಗೆಯಲ್ಲಿ. ಬರುವವರು ಬರಲಿ” ಅಂದರು.

“ಮೊದಲೇ ಹೇಳಬಾರದಿತ್ತಾ?”

“ಯಾರಾದರೂ ಕೇಳಿದ್ದರೆ ತಾನೇ?”

ಮಗ್ರಿಬಿಗೂ ಇಶಾಕ್ಕೂ ನಡುವೆ ಬೆಂಗಳೂರಿನಲ್ಲಿ ವರ್ಷವಿಡೀ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು ಸಿಗುತ್ತದೆ. ಸೂರ್ಯ ಬೇಗ ಮುಳುಗಲಿ, ತಡವಾಗಿ ಮುಳುಗಲಿ, ಎರಡೂ ಒಟ್ಟಿಗೇ ಸರಿಯುತ್ತವೆ. ಮಗ್ರಿಬ್ ವಿಷಯದಲ್ಲಿ ಶಾಫಿ, ಹನಫಿ ಜಗಳವೂ ಇಲ್ಲ, ಸೂರ್ಯ ಮುಳುಗಿದರೆ ಎಲ್ಲರಿಗೂ ಮುಳುಗಿದ ಹಾಗೆ. ಎಕ್ಸೆಲ್ ಹಾಳೆಯ ಬದನೆಕಾಯಿ ಬಣ್ಣದ ಕಾಲಮ್ಮಿನಲ್ಲಿ ಇದು ಮೊದಲಿನಿಂದ ಇತ್ತು. ನಾವು ಬಣ್ಣ ನೋಡಿದೆವು.

ದಿನಾ ಕಳಿಸಲು ಆಗುವುದಿಲ್ಲ, ವಾರಕ್ಕೆ ಒಂದೇ ಗಂಟೆ ಅಂತ ನನಗೆ ನಾಚಿಕೆಯಾಗಿ ಹೇಳಿಕೊಂಡೆ. ಉಸ್ತಾದರು ನಕ್ಕರು. ಪ್ರವಾದಿಯವರ ಸಂಗಾತಿ ಇಬ್ನು ಮಸ್‌ಊದ್ ಪ್ರತಿ ಗುರುವಾರ ಮಾತ್ರ ಉಪದೇಶ ಹೇಳುತ್ತಿದ್ದರಂತೆ. ಒಬ್ಬರು, ದಿನಾ ಹೇಳಿದರೆ ಎಷ್ಟು ಚೆನ್ನಾಗಿತ್ತು ಅಂದದ್ದಕ್ಕೆ, ನಿಮಗೆ ಬೇಸರ ಹಿಡಿಸಲು ನನಗೆ ಇಷ್ಟವಿಲ್ಲ ಅಂದರಂತೆ. ಅದೂ ಬುಖಾರಿಯಲ್ಲೇ ಉಂಟು. “ವಾರಕ್ಕೊಮ್ಮೆ ಅನ್ನುವುದು ನಿಮ್ಮ ಅಪಾರ್ಟ್‌ಮೆಂಟಿನವರು ಕಂಡುಹಿಡಿದದ್ದಲ್ಲ” ಅಂದರು. ಆಮೇಲೆ ಸ್ವಲ್ಪ ತಡೆದು, “ಆದರೆ ಅವರು ಪ್ರತಿ ಗುರುವಾರವೂ ಹೇಳುತ್ತಿದ್ದರು. ಬರ್ತ್‌ಡೇ ಪಾರ್ಟಿ ಉಂಟು ಅಂತ ತಪ್ಪಿಸುತ್ತಿರಲಿಲ್ಲ” ಅಂತ ಸೇರಿಸಿದರು. ನನ್ನ ಮಗಳ ಶಾಲೆಯ ಗೆಳತಿಯ ಹುಟ್ಟುಹಬ್ಬ ಬರುವ ಶನಿವಾರವೇ ಅಂತ ಅವರಿಗೆ ಹೇಗೆ ಗೊತ್ತಾಯಿತೋ!

ಗ್ರೂಪಿನಲ್ಲಿ ಹಾಕಿದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಾಸನದ ಭಾಯ್, “ಹಜ್ರತ್ ಹೇಳಿದ ಮೇಲೆ ಮುಗೀತು” ಅಂತ ಬರೆದರು. ಮೊದಲ ಶನಿವಾರ ಹನ್ನೊಂದರಲ್ಲಿ ಏಳು ಮಕ್ಕಳು ಬಂದವು. ಎರಡನೇ ವಾರ ಒಂಬತ್ತು. ಮೊದಲ ಶನಿವಾರ ನನ್ನ ಮಗಳು ಹುಟ್ಟುಹಬ್ಬ ತಪ್ಪಿದ್ದಕ್ಕೆ ಮೊದಲ ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದಳು. ಇಶಾ ಬಾಂಗ್ ಕೊಡುವ ಹೊತ್ತಿಗೆ ಪಕ್ಕದ ಹುಡುಗಿಯ ಟಿಫಿನ್ ಡಬ್ಬಿಯ ಖರ್ಜೂರ ಅರ್ಧ ಖಾಲಿಯಾಗಿತ್ತು. ಉಸ್ತಾದರನ್ನು ಅವಳು ಸರ್ ಅಂತಲೇ ಕರೆಯುತ್ತಾಳೆ. ಅವರು ತಿರುಗಿ ನೋಡುತ್ತಾರೆ.

ಹದಿಯಾದ ವಿಷಯ ಮಾತ್ರ ಈ ಸಲ ಮುಂದೂಡಲಿಲ್ಲ. ಈಜಿನ ಕೋಚಿಗೆ ಕೊಟ್ಟಷ್ಟೇ, ಮೂರು ತಿಂಗಳದ್ದು ಮುಂಗಡ. ಕರಡು ನನ್ನದು, ಒತ್ತಡ ಬುಧವಾರದ ಕ್ಲಾಸಿನವರದು.

ರಮಝಾನಿಗೆ ರಜೆ, ಶವ್ವಾಲಿನಲ್ಲಿ ಮತ್ತೆ ಶುರು, ಊರಿನ ಮದ್ರಸದ ಹಾಗೆಯೇ. ಆಸುಪಾಸಿನ ಅಪಾರ್ಟ್‌ಮೆಂಟಿನವರು ಇದನ್ನು ಓದುತ್ತಿದ್ದರೆ ನಿಮ್ಮ ಮಕ್ಕಳನ್ನೂ ಕಳಿಸಿ, ಮಾಳಿಗೆಯಲ್ಲಿ ಜಾಗ ಉಂಟು. ಒಂದು ನೋಟ್ ಬುಕ್ಕು, ಒಂದು ಪೆನ್ಸಿಲ್ ಸಾಕು. ಶನಿವಾರದ ಬದಲು ಬೇರೆ ದಿನ ಆಗುತ್ತದಾ ಅಂತ ಮಾತ್ರ ದಯವಿಟ್ಟು ಕೇಳಬೇಡಿ.